ಗೊಂಬೆಗೆ ಪ್ರಶಸ್ತಿ ಬಂತು, ದಾರಿ ಎಲ್ಲಿ ಹೋಯಿತು?

"ಕಿಳ್ಳಿಕ್ಯಾತರು ಊರಾಗ ಬಂದಾರಂದ್ರ ಮಳಿ ಅವ್ರ ಹಿಂದೇ ಬರ್ತದ." ನಮ್ಮ ಮುತ್ಯಾ ಹೀಗೆ ಹೇಳುತ್ತಿದ್ದರು. ನಮ್ಮದು ಕಲಬುರಗಿ ಜಿಲ್ಲೆಯ ಭೀಮಾ ದಂಡೆಯ ಊರು. ಮುತ್ಯಾ ಸಣ್ಣವರಿದ್ದಾಗ, ಜೋಳದ ರಾಶಿ ಮುಗಿದು ಹೊಲಗಳು ಬರಿದಾದ ಮೇಲೆ ಪರದೆ ಹಿಂದೆ ತೊಗಲು ಗೊಂಬೆಯ ನೆರಳಾಟ ಆಡಿಸುವ ಈ ಕಿಳ್ಳಿಕ್ಯಾತರು ಬರುತ್ತಿದ್ದರಂತೆ. ಹಳ್ಳದ ದಂಡೆಗೆ ಬಿಡಾರ ಹಾಕುವರು. ಹಗಲು ಹೊಳೆಯಲ್ಲಿ ಮೀನು, ರಾತ್ರಿ ಹಣಮಂದೇವರ ಗುಡಿ ಮುಂದೆ ಆಟ. ವಿರಾಟಪರ್ವ ಆಡಿಸಿದರೆ ಮಳೆಯಾಗುತ್ತದೆ ಎಂಬ ನಂಬಿಕೆ ಕರ್ನಾಟಕದ ಬಹಳ ಕಡೆ ಇತ್ತು. ಮಳೆ ಕೈಕೊಟ್ಟ ವರ್ಷ ಊರವರೇ ಹೋಗಿ ಕರೆದು ತರುತ್ತಿದ್ದರು.

ನಾನು ಆ ಆಟ ನೋಡಿದ್ದು ಕಲಬುರಗಿ ನಗರದ ಒಂದು ಸಭಾಂಗಣದಲ್ಲಿ. ಬೇರೆ ಜಿಲ್ಲೆಯಿಂದ ಬಂದ ತಂಡ ಅದು. ಅತಿಥಿಗಳ ಭಾಷಣ ಉದ್ದವಾಯಿತು. ಕೊನೆಗೆ ಆಟಕ್ಕೆ ಉಳಿದದ್ದು ಇಪ್ಪತ್ತು ನಿಮಿಷ. ಹನುಮಂತನ ಬಾಲಕ್ಕೆ ಬೆಂಕಿ ಹತ್ತುವ ಹೊತ್ತಿಗೆ ಪಕ್ಕದಿಂದ ಸಂಘಟಕರು ಕೈಸನ್ನೆ ಮಾಡಿದರು, ಸಾಕು ಅಂತ. ಪರದೆ ಹಿಂದೆ ಹಾಡುತ್ತಿದ್ದ ಅಮ್ಮ ಪದದ ನಡುವೆಯೇ ನಿಲ್ಲಿಸಿದರು. ದೀಪ ಆರಿತು, ಹಾಲ್‌ನ ಟ್ಯೂಬ್‌ಲೈಟ್ ಹತ್ತಿತು, ಊಟಕ್ಕೆ ಸಾಲು ನಿಂತಿತು. ಆ ಅರ್ಧ ಪದ ನನ್ನನ್ನು ಬಿಟ್ಟಿಲ್ಲ. ಇಡೀ ರಾತ್ರಿ ಊರನ್ನು ಕೂರಿಸಿಕೊಳ್ಳುತ್ತಿದ್ದ ಆಟ ಇಪ್ಪತ್ತು ನಿಮಿಷಕ್ಕೆ ಹೇಗೆ ಬಂದು ನಿಂತಿತು? ಅದನ್ನೇ ಇಲ್ಲಿ ಬಿಡಿಸಿ ನೋಡುತ್ತೇನೆ.

2025ರ ಜನವರಿಯಲ್ಲಿ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಆಗ ಅವರಿಗೆ 96 ವರ್ಷ. ಕೊಪ್ಪಳ ನಮ್ಮದೇ ಕಲ್ಯಾಣ ಕರ್ನಾಟಕದ ಜಿಲ್ಲೆ. ಅದಕ್ಕೂ ಮೊದಲು ಬಳ್ಳಾರಿಯ ಬೆಳಗಲ್ಲು ವೀರಣ್ಣ ಇದೇ ಆಟವನ್ನು ದೇಶವಿಡೀ ತೋರಿಸಿದ್ದರು. ರಾಮಾಯಣದ ಜೊತೆಗೆ ಗಾಂಧೀಜಿಯ ಕಥೆ, ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ತೊಗಲಿಗೆ ಇಳಿಸಿದ್ದರು. 2023ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಇಂಥ ಹಿರಿಯರಿಗೆ ಸಿಕ್ಕ ಗೌರವದ ಬಗ್ಗೆ ನನಗೆ ನಿಜವಾಗಿಯೂ ಸಂತೋಷವಿದೆ. ಭೀಮವ್ವನವರ ಹೆಸರಿನ ಕೊನೆಯಲ್ಲಿ ಅವರ ಕುಲದ ಹೆಸರೇ ಇದೆ ನೋಡಿ, ಶಿಳ್ಳೇಕ್ಯಾತ ಅಂದರೂ ಕಿಳ್ಳಿಕ್ಯಾತ ಅಂದರೂ ಒಂದೇ. ಆ ಹೆಸರು ರಾಷ್ಟ್ರಪತಿ ಭವನದಲ್ಲಿ ಕೇಳಿಸಿತು. ಆದರೆ ಅದೇ ಹೆಸರು ಹೊತ್ತ ಬಹಳಷ್ಟು ಕುಟುಂಬಗಳ ಮನೆಯಲ್ಲಿ ಈಗ ಗೊಂಬೆಯ ಪೆಟ್ಟಿಗೆಯಿಲ್ಲ, ಮೀನಿನ ಬಲೆ ಮಾತ್ರ ಇದೆ.

ಇದಕ್ಕೆ ಎಲ್ಲರೂ ಥಟ್ಟನೆ ಹೇಳುವ ಕಾರಣ ಒಂದೇ. ಟಿ.ವಿ. ಬಂತು, ಮೊಬೈಲ್ ಬಂತು, ಜನರಿಗೆ ಬೇಡವಾಯಿತು. ಇದರಲ್ಲಿ ಸುಳ್ಳಿಲ್ಲ, ಆದರೆ ತೀರಾ ಸುಲಭದ ಉತ್ತರ ಇದು. ತೊಗಲು ಗೊಂಬೆಯಾಟ ಒಂದು ತಿರುಗಾಟದ ಮೇಲೆ ನಿಂತಿತ್ತು. ಊರಿಂದೂರಿಗೆ ಹೋಗುವ ದಾರಿ ಇರಬೇಕು, ಹೋದಲ್ಲಿ ಜನ ಬಿಡುವಾಗಿರಬೇಕು, ಕೊಡಲು ಮನೆಯಲ್ಲಿ ಕಾಳಿರಬೇಕು. ಜೊತೆಗೆ ರಾತ್ರಿ ಕತ್ತಲಿರಬೇಕು. ಇವೆಲ್ಲ ಹೋದ ಮೇಲೆ ಗೊಂಬೆ ಮಾತ್ರ ಉಳಿದು ಏನು ಮಾಡುತ್ತದೆ?

ಈ ತಿರುಗಾಟ ಬಹಳ ಹಳೆಯದು. 13ನೇ ಶತಮಾನದ ಆಸುಪಾಸಿನ ತೆಲುಗು ಕವಿ ಪಾಲ್ಕುರಿಕೆ ಸೋಮನಾಥನ ಪಂಡಿತಾರಾಧ್ಯ ಚರಿತ್ರೆಯಲ್ಲಿ, ಶ್ರೀಶೈಲದ ಜನಜಂಗುಳಿಯ ವರ್ಣನೆಯ ನಡುವೆ, ಬಟ್ಟೆಯ ಮರೆಯಲ್ಲಿ ಗೊಂಬೆ ಕುಣಿಸಿ ಮಹಾಭಾರತದ ಕಥೆ ಹೇಳುವವರು ಬರುತ್ತಾರೆ. ಬಸವಣ್ಣನ ಪುರಾಣ ಬರೆದ ಅದೇ ಸೋಮನಾಥ. ನಮ್ಮ ಕಡೆಯ ಜನ ಈಗಲೂ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಆ ದಾರಿಯಲ್ಲಿ, ಆ ಜಾತ್ರೆಯಲ್ಲಿ ಎಂಟುನೂರು ವರ್ಷದ ಹಿಂದೆಯೂ ನೆರಳಿನ ಆಟ ಇತ್ತು ಎಂದರೆ ನನಗೆ ಮೈ ಜುಮ್ಮೆನ್ನುತ್ತದೆ.

1909ರಲ್ಲಿ ಬ್ರಿಟಿಷ್ ಅಧಿಕಾರಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ ದೊಡ್ಡ ಸಂಪುಟಗಳನ್ನು ಹೊರತಂದ. ಅದರಲ್ಲಿ ಕಿಳ್ಳೇಕ್ಯಾತರ ಮಾತು ಬರುತ್ತದೆ. ಮರಾಠಿ ಮೂಲದವರು, ಕನ್ನಡ ಮತ್ತು ತೆಲುಗು ಸೀಮೆಯಲ್ಲಿ ಚಿತ್ರ ತೋರಿಸುತ್ತಾ ತಿರುಗುವವರು ಎಂದು ಬರೆದಿದ್ದಾನೆ. ಇವರನ್ನು ಕಟಬು, ದಾಯತ್ ಎಂದೂ ಕರೆಯುತ್ತಾರೆ. ಮನೆಯೊಳಗೆ ಇಂದಿಗೂ ಮರಾಠಿಯ ಒಂದು ಬಗೆ, ಪರದೆ ಹಿಂದೆ ಕನ್ನಡ. ಬೀದರ್, ಕಲಬುರಗಿಯವರಿಗೆ ಇದರಲ್ಲಿ ಹೊಸದೇನಿದೆ? ನಾವು ಬೆಳಗ್ಗೆ ಒಂದು ಭಾಷೆಯಲ್ಲಿ ವ್ಯಾಪಾರ ಮಾಡಿ ಸಂಜೆ ಇನ್ನೊಂದರಲ್ಲಿ ಹರಟೆ ಹೊಡೆಯುವ ಜನ. ಆದರೂ ನೆನಪಿಡಬೇಕಾದ ಮಾತಿದು. ಕನ್ನಡದ ಹಳ್ಳಿಗಳಿಗೆ ಕನ್ನಡದಲ್ಲೇ ರಾಮಾಯಣ, ಭಾರತ ಹೊತ್ತು ತಂದವರ ಮನೆಮಾತು ಕನ್ನಡವಾಗಿರಲಿಲ್ಲ.

ಈಗ ಪರದೆ ಹಿಂದೆ ಹೋಗೋಣ. ಅಲ್ಲಿನ ಕೆಲಸ ತಿಳಿಯದೆ ಉಳಿದದ್ದು ತಿಳಿಯುವುದಿಲ್ಲ.

ಮೇಕೆಯ ತೊಗಲು ತಂದು ನೆನೆ ಹಾಕುತ್ತಾರೆ. ಕೂದಲು, ಕೊಬ್ಬು ಕೆರೆದು ತೆಗೆದು, ಬಿಗಿಯಾಗಿ ಎಳೆದು ಒಣಗಿಸುತ್ತಾರೆ. ಆಗ ಅದು ಎಣ್ಣೆ ಹಚ್ಚಿದ ಕಾಗದದಂತೆ ಬೆಳಕನ್ನು ಒಳಗೆ ಬಿಡುತ್ತದೆ. ಅದರ ಮೇಲೆ ಚಿತ್ರ ಬರೆದು ಕತ್ತರಿಸಿ, ಸಣ್ಣ ಉಳಿಗಳಿಂದ ನೂರಾರು ತೂತು ಹೊಡೆಯುತ್ತಾರೆ. ಕೊರಳ ಸರ, ಕಿವಿಯೋಲೆ, ಸೀರೆಯ ಅಂಚು ಎಲ್ಲವೂ ತೂತುಗಳೇ. ಬೆಳಕು ಬಿದ್ದಾಗ ಒಡವೆ ಹೊಳೆಯುತ್ತದೆ. ಆಮೇಲೆ ಎರಡೂ ಕಡೆ ಬಣ್ಣ. ಕೆಂಪು, ಹಸಿರು, ನೀಲಿ, ದೀಪದ ಮಸಿಯ ಕಪ್ಪು. ಒಡಿಶಾದ ರಾವಣಛಾಯಾ ಗೊಂಬೆಗಳು ದಪ್ಪ ತೊಗಲಿನವು, ಅವುಗಳದ್ದು ಪೂರ್ತಿ ಕಪ್ಪು ನೆರಳು. ನಮ್ಮದು ಬಣ್ಣದ ನೆರಳು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದಾಗ ಮಾತ್ರ ಆ ಬಣ್ಣ ಸ್ಪಷ್ಟ. ಸ್ವಲ್ಪ ಹಿಂದಕ್ಕೆ ತೆಗೆದರೆ ಆಕಾರ ದೊಡ್ಡದಾಗಿ ಮಸುಕಾಗುತ್ತದೆ. ರಾಕ್ಷಸ ಬಂದ, ದೇವರು ಮಾಯವಾದ, ಎಲ್ಲವೂ ಈ ಎರಡು ಗೇಣಿನ ಆಟದಲ್ಲೇ ನಡೆಯುತ್ತದೆ.

ದೀಪಕ್ಕೂ ಇಲ್ಲಿ ದೊಡ್ಡ ಪಾತ್ರವಿದೆ. ಹಿಂದೆ ಎಣ್ಣೆ ದೀಪ, ಆಮೇಲೆ ಗ್ಯಾಸ್‌ಬತ್ತಿ, ಈಗ ಬಲ್ಬು. ಎಣ್ಣೆಯ ಜ್ವಾಲೆ ಸದಾ ಅಲುಗುತ್ತದೆ, ಅದರೊಂದಿಗೆ ಗೊಂಬೆಯ ಎದೆ ಉಸಿರಾಡಿದಂತೆ ಕಾಣುತ್ತದೆ. ಬಲ್ಬಿನಲ್ಲಿ ಆ ಉಸಿರು ಹೋಯಿತು. ಸಾಲಾಗಿ ಹಲವು ಚುಕ್ಕೆಯಿರುವ ಎಲ್‌ಇಡಿ ಪಟ್ಟಿ ಇಟ್ಟರಂತೂ ಒಂದೊಂದು ಚುಕ್ಕೆಯಿಂದ ಒಂದೊಂದು ನೆರಳು ಬಿದ್ದು ಅಂಚು ಒಡೆಯುತ್ತದೆ. ನಗರದ ವೇದಿಕೆಗಳಲ್ಲಿ ಇದು ಆಗಾಗ ಕಾಣುವ ತಪ್ಪು. ಗೊಂಬೆ ಚೆನ್ನಾಗಿಲ್ಲ ಎಂದು ಪ್ರೇಕ್ಷಕರು ತಿಳಿಯುತ್ತಾರೆ, ಪಾಪ.

ಗೊಂಬೆಗಳ ಅಳತೆಯಲ್ಲೂ ಒಂದು ಲೆಕ್ಕವಿದೆ. ರಾಜ, ದೇವರು ದೊಡ್ಡವರು. ಸೇವಕರು, ಸಾಮಾನ್ಯರು ಚಿಕ್ಕವರು. ಹಳೆಯ ಮೈಸೂರು ಕಡೆ ಇಡೀ ದೃಶ್ಯವನ್ನೇ ಒಂದು ದೊಡ್ಡ ತೊಗಲಿನಲ್ಲಿ ಬರೆಯುವುದುಂಟು, ನಾಲ್ಕಡಿ ಎತ್ತರದವರೆಗೂ. ನಮ್ಮ ಉತ್ತರದ ಕಡೆ ಚಿಕ್ಕ ಗೊಂಬೆಗಳು ಜಾಸ್ತಿ. ಆಡಿಸುವವರು ಗಂಡಸರು, ಹೆಂಗಸರು ಇಬ್ಬರೂ. ಇಡೀ ಮನೆಯೇ ಪರದೆ ಹಿಂದೆ ಇರುತ್ತದೆ. ಒಬ್ಬರು ಪೇಟಿ, ಒಬ್ಬರು ಮದ್ದಳೆ, ಒಬ್ಬರು ತಾಳ. ಯುದ್ಧ ಬಂದಾಗ ಕಾಲಡಿ ಹಲಗೆ ತುಳಿದು ಸದ್ದು ಮಾಡುತ್ತಾರೆ. ಕಲಿಯಲು ಬೇರೆ ಶಾಲೆ ಇರಲಿಲ್ಲ, ತೊಟ್ಟಿಲಿನ ಕೂಸೂ ಅಲ್ಲೇ ಇರುತ್ತಿತ್ತು. ಹರಿದು ಮುದಿಯಾದ ಗೊಂಬೆಯನ್ನು ತಿಪ್ಪೆಗೆ ಎಸೆಯುವಂತಿಲ್ಲ, ಹೊಳೆಗೆ ಬಿಡಬೇಕು.

ಈ ಆಟದಲ್ಲಿ ನನಗೆ ಬಹಳ ಇಷ್ಟವಾಗುವ ಜೋಡಿ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ಆತ ಕರ್ರಗೆ, ಡೊಳ್ಳುಹೊಟ್ಟೆ, ತಲೆ ಮೇಲೆ ಜುಟ್ಟು. ಆಕೆ ಅವನ ಹೆಂಡತಿ, ಮಾತಿನಲ್ಲಿ ಅವನಿಗಿಂತ ಚುರುಕು. ಗಣಪತಿ, ಸರಸ್ವತಿ ಬಂದು ಹೋದ ಮೇಲೆ ಇವರು ಬರುತ್ತಾರೆ. ರಾಮ, ಭೀಮ ಹಳೆಯ ಕಾಲದವರು. ಈ ಇಬ್ಬರು ಮಾತ್ರ ಇವತ್ತಿನವರು, ಇದೇ ಊರಿನವರು. ಊರಿನ ಜಿಪುಣ ಯಾರು, ಕುಡುಕ ಯಾರು, ತೂಕದಲ್ಲಿ ಮೋಸ ಮಾಡುವವ ಯಾರು ಎಲ್ಲವನ್ನೂ ಆಡಬಹುದು. ಹೇಳುತ್ತಿರುವುದು ಗೊಂಬೆ, ಅಲ್ವಾ? ಗೌಡರೂ ನಗಲೇಬೇಕು. ಸಮುದಾಯಕ್ಕೆ ಹೆಸರು ಬಂದದ್ದೇ ಈ ನಗೆಗೊಂಬೆಯಿಂದ ಎಂದು ಹೇಳುತ್ತಾರೆ.

ಟರ್ಕಿಯಲ್ಲೂ ಇಂಥದೇ ಒಂದು ಜೋಡಿ ಇದೆ, ಕಾರಾಗೋಜ್ ಮತ್ತು ಹಾಜಿವಾತ್. ಅವೂ ಬಣ್ಣದ ತೊಗಲು ಗೊಂಬೆಗಳೇ, ಒಂಟೆ ಚರ್ಮದವು. ರಂಜಾನ್ ರಾತ್ರಿಗಳಲ್ಲಿ ಕಾಫಿ ಅಂಗಡಿಗಳಲ್ಲಿ ಆಟ ನಡೆಯುತ್ತಿತ್ತು. ಕಾರಾಗೋಜ್ ಓದು ಬರದ ಒರಟ, ಅಧಿಕಾರದಲ್ಲಿದ್ದವರನ್ನೂ ಬಿಡುತ್ತಿರಲಿಲ್ಲ. ಆ ಆಟ 2009ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿ ಸೇರಿತು. ಚೀನಾದ ನೆರಳಾಟ 2011ರಲ್ಲಿ ಸೇರಿತು. ಇಂಡೋನೇಷ್ಯಾದ ವಯಾಂಗ್ ಎಂಬ ಗೊಂಬೆಯಾಟಕ್ಕೆ 2003ರಲ್ಲೇ ಆ ಮನ್ನಣೆ ಸಿಕ್ಕಿತ್ತು.

ಯುರೋಪಿನಲ್ಲೂ ನೆರಳು ಬೀದಿಗೆ ಬಂದಿತ್ತು. 19ನೇ ಶತಮಾನದ ಲಂಡನ್ನಿನಲ್ಲಿ ಹಗಲು ಪಂಚ್ ಎಂಬ ಕೈಗೊಂಬೆ ಆಡಿಸುವವರು, ಕತ್ತಲಾದ ಮೇಲೆ ಅದೇ ಚೌಕಟ್ಟಿಗೆ ಬಿಳಿ ಬಟ್ಟೆ ಬಿಗಿದು ಹಿಂದೆ ಮೇಣದಬತ್ತಿ ಹಚ್ಚುತ್ತಿದ್ದರು. ಅದಕ್ಕೆ ಗ್ಯಾಲಂಟಿ ಶೋ ಎಂದು ಹೆಸರು. ಪ್ಯಾರಿಸ್ಸಿನಲ್ಲಿ ಸೆರಾಫಿನ್ ಎಂಬಾತ 1784ರಲ್ಲಿ ಶುರು ಮಾಡಿದ ನೆರಳಿನ ರಂಗಮಂದಿರ 1870ರವರೆಗೂ ನಡೆಯಿತು. ಲಂಡನ್ನಿನ ಬೀದಿಯವರಿಗೆ ಕಟ್ಟಡವಿರಲಿಲ್ಲ. ಟೋಪಿಗೆ ಬಿದ್ದ ಚಿಲ್ಲರೆಯೇ ಗತಿ. ಸಿನಿಮಾ ಬಂದ ಮೇಲೆ ಅವರು ಮರೆಯಾದರು.

ಕೇರಳದ ತೊಗಲು ಗೊಂಬೆಯಾಟ ತೋಲ್ಪಾವಕೂತ್ತು ಇನ್ನೊಂದು ಬಗೆ. ಅದು ಪಾಲಕ್ಕಾಡ್ ಕಡೆಯ ಭದ್ರಕಾಳಿ ದೇವಸ್ಥಾನಗಳಲ್ಲಿ ನಡೆಯುತ್ತದೆ. ಅದಕ್ಕೆಂದೇ ಕಟ್ಟಿದ ಕೂತ್ತುಮಾಡಂ ಎಂಬ ಆಟದ ಮನೆ ಇದೆ. ಎದುರಿಗೆ ಒಬ್ಬ ಮನುಷ್ಯನೂ ಕೂತಿರದಿದ್ದರೂ ಆಟ ನಿಲ್ಲುವುದಿಲ್ಲ, ನೋಡುವವಳು ದೇವಿ. ಅಲ್ಲಿ ದೇವಿಗೆ ಗುಡಿ ಇದೆ, ಗೊಂಬೆಗೂ ಸೂರಿದೆ. ಟರ್ಕಿಯವರಿಗೆ ರಂಜಾನ್ ತಿಂಗಳಿತ್ತು, ಜಾವಾದ ವಯಾಂಗ್‌ನವರಿಗೆ ಅರಮನೆಯಿತ್ತು. ನಮ್ಮ ಕಿಳ್ಳಿಕ್ಯಾತರಿಗೆ ಇದ್ದದ್ದು ಊರು, ಊರಿನ ಕಾಳು, ಮುಂದಿನ ಊರಿಗೆ ಹೋಗುವ ದಾರಿ. ಹೀಗಾಗಿ ಊರು ಬದಲಾದ ಕೂಡಲೇ ಮೊದಲ ಪೆಟ್ಟು ಇವರಿಗೇ ಬಿತ್ತು.

ಕಲಬುರಗಿ, ಯಾದಗಿರಿ, ಬೀದರ್, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಊರು ಬದಲಾದ ಬಗೆಯನ್ನು ನೋಡಿ. ಗೊಂಬೆಯಾಟದ ಕಾಲ ಯಾವುದು? ರಾಶಿ ಮುಗಿದಾಗಿನಿಂದ ಮಳೆ ಬೀಳುವವರೆಗೆ. ಗುಳೆ ಹೋಗುವ ಕಾಲ ಯಾವುದು? ಅದೇ. ಸುಗ್ಗಿ ಮುಗಿಯುತ್ತಿದ್ದಂತೆ ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಯಾದಗಿರಿ ಸ್ಟೇಷನ್ನಿನಲ್ಲಿ ಆ ದಿನಗಳಲ್ಲಿ ನಿಂತು ನೋಡಿದವರಿಗೆ ಗೊತ್ತು. ಗಂಟು, ಮೂಟೆ, ಮಕ್ಕಳು. ಹಿಂದೆ ಉಳಿಯುವವರು ಮುದುಕರು. ಗೊಂಬೆಯವರು ಬಂದರೂ ಎದುರಿಗೆ ಕೂರುವವರು ಯಾರು? ಆಟದ ಋತುವನ್ನೇ ಗುಳೆ ನುಂಗಿತು. ನನ್ನ ಮಟ್ಟಿಗೆ ಟಿ.ವಿ.ಗಿಂತ ದೊಡ್ಡ ಕಾರಣ ಇದು. ಇದನ್ನು ಯಾರೂ ಕಲೆಯ ಸಮಸ್ಯೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾಳಿನ ವಿಷಯವೂ ಹಾಗೆಯೇ. ಹಿಂದೆ ಕಣದಲ್ಲಿ ರಾಶಿ ಬಿದ್ದಾಗ ಬಡಿಗ, ಕಮ್ಮಾರ, ಕುಂಬಾರರಿಗೆ ಆಯ ಹೋಗುತ್ತಿತ್ತು. ಬಂದ ಕಲಾವಿದರಿಗೂ ಮೊರ ತುಂಬಿ ಜೋಳ. ಕೊಡುವವನಿಗೆ ಅದು ಭಾರವೆನಿಸುತ್ತಿರಲಿಲ್ಲ, ಕಣ್ಣೆದುರು ರಾಶಿ ಇತ್ತು. ಈಗ ಮಷಿನ್ ಬಂದು ಹೊಲದಲ್ಲೇ ತೊಗರಿ ರಾಶಿ ಮಾಡಿ ಚೀಲ ಕಟ್ಟುತ್ತದೆ. ಚೀಲ ಸೀದಾ ಎಪಿಎಂಸಿಗೆ ಹೋಗುತ್ತದೆ. ಶಹಾಪುರ, ಸುರಪುರದ ಕಾಲುವೆ ಕೆಳಗೆ ಜೋಳದ ಜಾಗಕ್ಕೆ ಭತ್ತ, ಹತ್ತಿ ಬಂದಿವೆ. ಮನೆಯಲ್ಲಿ ಹಣ ಇರಬಹುದು, ಮೊರದಲ್ಲಿ ತುಂಬಿ ಕೊಡುವಂಥದ್ದು ಇಲ್ಲ. ಹತ್ತು ರೂಪಾಯಿ ನೋಟು ಕೊಟ್ಟರೆ ಅದು ಭಿಕ್ಷೆಯಾಗಿ ಕಾಣುತ್ತದೆ. ಒಂದು ಸೇರು ಜೋಳ ಕೊಟ್ಟಾಗ ಹಾಗೆ ಕಾಣುತ್ತಿರಲಿಲ್ಲ.

ಇನ್ನು ಟಿ.ವಿ. ನಮ್ಮ ಜಿಲ್ಲೆಗೆ ಇದರಲ್ಲಿ ಒಂದು ವಿಶೇಷ ಜಾಗವಿದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಸೈಟ್ ಎಂಬ ಉಪಗ್ರಹ ದೂರದರ್ಶನ ಪ್ರಯೋಗ ನಡೆಯಿತು. ನಾಸಾದ ಉಪಗ್ರಹ ಬಳಸಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯೊಳಗೇ ಇತ್ತು. 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನ ಕೇಂದ್ರವೂ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಮೊದಲು ನಮ್ಮ ಹಳ್ಳಿಗಳು ಹೊಳೆಯುವ ಪರದೆ ಕಂಡವು. ಪಂಚಾಯತಿ ಕಟ್ಟೆಯಲ್ಲಿ, ಶಾಲೆ ಅಂಗಳದಲ್ಲಿ ಒಂದೇ ಟಿ.ವಿ., ಅದರ ಮುಂದೆ ಇಡೀ ಊರು. ಕೂತ ರೀತಿ ಗೊಂಬೆಯಾಟಕ್ಕೆ ಕೂತ ರೀತಿಯೇ. 1987ರಲ್ಲಿ ರಾಮಾಯಣ ಧಾರಾವಾಹಿ, 1988ರಲ್ಲಿ ಮಹಾಭಾರತ ಬಂದಾಗ ಕಥೆಯೂ ಅದೇ ಆಯಿತು. ಕಿಳ್ಳಿಕ್ಯಾತರ ಪೆಟ್ಟಿಗೆಯಲ್ಲಿದ್ದ ಎರಡೂ ಕಥೆಗಳನ್ನು ಭಾನುವಾರದ ಬೆಳಗ್ಗೆ ತೆಗೆದುಕೊಂಡಿತು. ಟಿ.ವಿ.ಯಲ್ಲಿ ಬರದೇ ಉಳಿದವರು ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಮಾತ್ರ. ದೆಹಲಿಯಿಂದ ಬರುವ ಪರದೆಗೆ ನಮ್ಮ ಊರಿನ ಜಿಪುಣ ಯಾರೆಂದು ಹೇಗೆ ಗೊತ್ತಾಗಬೇಕು?

ಕಾನೂನು ಕೂಡ ತಿರುಗುವವರ ಪರ ಇರಲಿಲ್ಲ. ಬೀದರ್‌ನಿಂದ ಲಾತೂರು, ಕಲಬುರಗಿಯಿಂದ ಸೋಲಾಪುರ ಬಹಳ ದೂರವಲ್ಲ. ಅಲೆಮಾರಿಗೆ ಆ ಗಡಿ ಕಾಣುವುದೂ ಇಲ್ಲ. ಆದರೆ ಮಹಾರಾಷ್ಟ್ರದಲ್ಲಿ 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ ಇದೆ. ಸಾರ್ವಜನಿಕ ಜಾಗದಲ್ಲಿ ಹಾಡಿ, ಕುಣಿದು, ಭವಿಷ್ಯ ಹೇಳಿ, ಆಟ ತೋರಿಸಿ ಹಣ ಪಡೆದರೂ ಅದು ಭಿಕ್ಷೆ ಎನ್ನುತ್ತದೆ ಆ ಕಾಯ್ದೆ. ಕಲಾವಿದನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕಾ? ಇದೇ ಕಾಯ್ದೆ ದೆಹಲಿಗೆ ಅನ್ವಯವಾಗಿದ್ದಾಗ, ಭಿಕ್ಷೆಯನ್ನು ಅಪರಾಧ ಮಾಡುವ ಕಲಮುಗಳನ್ನು 2018ರಲ್ಲಿ ದೆಹಲಿ ಹೈಕೋರ್ಟ್ ರದ್ದು ಮಾಡಿತು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಸ್ವಲ್ಪ ಆಸೆ ಹುಟ್ಟಿಸುತ್ತದೆ. ಸರಕು ಮಾರುವವರ ಜೊತೆಗೆ ಬೀದಿಯಲ್ಲಿ ಸೇವೆ ಕೊಡುವವರನ್ನೂ ಅದು ಸೇರಿಸಿಕೊಂಡಿದೆ. ಬೀದಿ ಕಲಾವಿದ ಎಂದು ಹೆಸರಿಟ್ಟು ಹೇಳಿಲ್ಲ. ಆದರೂ ನಗರಗಳ ವ್ಯಾಪಾರ ಸಮಿತಿಗಳು ಮನಸ್ಸು ಮಾಡಿದರೆ ಗೊಂಬೆಯವರನ್ನೂ ಆ ಮಾತಿನೊಳಗೆ ತರಬಹುದು ಎಂಬುದು ನನ್ನ ಓದು.

ತೊಗಲಿನ ಕಡೆಯೂ ಒಂದು ಕಾನೂನು ಬಂತು. ಹಿಂದೆ ದೇವರ ಗೊಂಬೆಗೆ ಜಿಂಕೆ ಚರ್ಮ ಬಳಸುವ ರೂಢಿ ಇತ್ತು. 1972ರ ವನ್ಯಜೀವಿ ಕಾಯ್ದೆಯ ನಂತರ ಅದು ನಿಂತಿತು, ನಿಲ್ಲಬೇಕಾದದ್ದೇ. ಮೇಕೆ ತೊಗಲಿನಿಂದ ಕೆಲಸ ನಡೆಯುತ್ತದೆ.

ಈ ನಡುವೆ ಗೊಂಬೆಗಳೇ ಬೇರೆ ದಾರಿ ಹಿಡಿದವು. ಕಲಾವಿದ ಎಂ.ಎಸ್. ನಂಜುಂಡರಾವ್ ಊರೂರು ತಿರುಗಿ ಹಳೆಯ ಗೊಂಬೆ ಸಂಗ್ರಹಿಸಿದರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂದಿಗೂ ಅವನ್ನು ನೋಡಬಹುದು. ಅವರಿಲ್ಲದಿದ್ದರೆ ಎಷ್ಟೋ ಗೊಂಬೆಗಳು ಹುಳ ಹಿಡಿದು ಹೋಗುತ್ತಿದ್ದವು. ಆಂಧ್ರದಲ್ಲಿ ಅನಂತಪುರ ಸೀಮೆಯ ನಿಮ್ಮಲಕುಂಟೆಯ ಕುಟುಂಬಗಳು ಅದೇ ತೊಗಲು, ಅದೇ ಉಳಿ, ಅದೇ ಬಣ್ಣದಲ್ಲಿ ಮನೆಗಳಿಗೆ ದೀಪದ ಬುಟ್ಟಿ (ಲ್ಯಾಂಪ್‌ಶೇಡ್) ಮಾಡಿ ಮಾರುತ್ತವೆ. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಇದನ್ನು ಕೆಲವರು ಕಲೆಯ ಮಾರಾಟ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೊಟ್ಟೆ ತುಂಬಿದ ಕೈಯಲ್ಲಿ ಉಳಿಯ ಪಳಗು ಉಳಿಯುತ್ತದೆ, ಅದು ಮುಂದೆ ಗೊಂಬೆಗೂ ಬೇಕು. ಆದರೆ ದೀಪದ ಬುಟ್ಟಿಗೆ ಹಾಡು ಬೇಡ. ರಾತ್ರಿಯಿಡೀ ನಡೆಯುವ ಪದಗಳು, ಮಾತು, ಬಂಗಾರಕ್ಕನ ಬಾಯಿ ಇವು ತೊಗಲಿನಲ್ಲಿ ಇಲ್ಲ, ಜನರ ಬಾಯಲ್ಲಿವೆ. ಗಾಜಿನ ಪೆಟ್ಟಿಗೆಯೊಳಗೆ ಅವನ್ನು ಇಡಲಾಗುವುದಿಲ್ಲ.

ಸರ್ಕಾರವೂ ಗೊಂಬೆಯನ್ನು ಬಳಸಿಕೊಂಡಿದೆ. ಕೇಂದ್ರದಲ್ಲಿ 1954ರಲ್ಲಿ ಶುರುವಾದ ಹಾಡು ಮತ್ತು ನಾಟಕ ವಿಭಾಗ ಕುಟುಂಬ ಯೋಜನೆ, ಆರೋಗ್ಯದ ಪ್ರಚಾರಕ್ಕೆ ಗೊಂಬೆಯಾಟದವರನ್ನು ಕರೆಯುತ್ತಿತ್ತು. ಕೆಲಸ ಸಿಕ್ಕಿತು, ಒಳ್ಳೆಯದೇ. ಆದರೆ ಕಥೆ ಗಿಡ್ಡವಾಯಿತು. ಅರ್ಧ ಗಂಟೆಗೆ ಒಂದು ಸಂದೇಶ, ಮುಗಿಯಿತು. ನಾನು ನೋಡಿದ ಆ ಇಪ್ಪತ್ತು ನಿಮಿಷದ ಬೇರು ಅಲ್ಲೂ ಇದೆ ಅನ್ನಿಸುತ್ತದೆ. ರಾಜ್ಯದಲ್ಲಿ ಬಾಗಲಕೋಟೆಯ ಬಯಲಾಟ ಅಕಾಡೆಮಿ ಇದೆ, ವಯಸ್ಸಾದ ಕಲಾವಿದರಿಗೆ ಮಾಸಾಶನ ಇದೆ. ಮಾಸಾಶನ ಬೇಕೇ ಬೇಕು. ಆದರೆ ಅದು ಆಡಿಸಿ ದಣಿದವರಿಗೆ ಸಿಗುವುದು. ಇಪ್ಪತ್ತರ ಹುಡುಗ ಪೆಟ್ಟಿಗೆ ತೆರೆಯಲು ಅದರಿಂದ ಕಾರಣ ಸಿಗುವುದಿಲ್ಲ.

ಆ ಹುಡುಗನ ಭವಿಷ್ಯ ಈಗ ತೀರ್ಮಾನವಾಗುತ್ತಿರುವುದು ರಂಗಮಂದಿರದಲ್ಲಿ ಅಲ್ಲ, ಜಾತಿ ಪಟ್ಟಿಯಲ್ಲಿ. ಇದನ್ನು ಕಲೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನಾನು ಮುಟ್ಟಲೇಬೇಕು.

ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಇರುವ ಹೆಸರು ಸಿಳ್ಳೇಕ್ಯಾತ. ಜನ ಹೇಳುವುದು ಕಿಳ್ಳೇಕ್ಯಾತ, ಶಿಳ್ಳೇಕ್ಯಾತ, ಕಟಬು, ಊರಿಗೊಂದು ಥರ. ಶಾಲೆ ದಾಖಲೆಯಲ್ಲಿ ಮಾಸ್ತರು ಯಾವುದನ್ನು ಬರೆದರೋ ಅದೇ ಗಟ್ಟಿ. ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಪ್ರಮಾಣಪತ್ರಕ್ಕೆ ಅಲೆಯಬೇಕು. 1976ರ ಕಾಯ್ದೆ ಬರುವವರೆಗೆ ಆ ಪಟ್ಟಿಯೇ ಪ್ರದೇಶವಾರು ಇತ್ತು. ಒಂದು ಜಿಲ್ಲೆಯಲ್ಲಿ ಪಟ್ಟಿಯಲ್ಲಿರುವ ಹೆಸರು ಪಕ್ಕದ ಜಿಲ್ಲೆಯಲ್ಲಿ ಇಲ್ಲದಿರಬಹುದಿತ್ತು. ಒಂದೇ ಕಡೆ ನೆಲೆ ನಿಂತವರಿಗೆ ಹೇಗೋ ನಡೆಯುತ್ತದೆ. ಬೇಸಿಗೆಗೆ ಮೂರು ಜಿಲ್ಲೆ ದಾಟುವವರಿಗೆ?

2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ, ಅಂದರೆ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವರೊಳಗೇ ಗುಂಪು ಮಾಡಿ ಹಂಚುವುದಕ್ಕೆ, ದಾರಿ ತೆರೆಯಿತು. ಕರ್ನಾಟಕದಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ 101 ಜಾತಿಗಳ ಸಮೀಕ್ಷೆ ಮಾಡಿ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಅತಿ ಹಿಂದುಳಿದ 59 ಸಣ್ಣ ಜಾತಿಗಳಿಗೆ ಪ್ರತ್ಯೇಕ ಗುಂಪು, ಶೇ 1 ಮೀಸಲಾತಿ ಎಂದಿತು ಆ ವರದಿ. ಹೆಚ್ಚಿನವರು ಅಲೆಮಾರಿಗಳು. ಆದರೆ ಅದೇ ತಿಂಗಳು ಸಚಿವ ಸಂಪುಟ ಪರಿಶಿಷ್ಟ ಜಾತಿಗಳ ಒಟ್ಟು ಶೇ 17 ಮೀಸಲಾತಿಯನ್ನು 6, 6, 5 ಎಂದು ಮೂರು ಭಾಗ ಮಾಡಿತು. ಅಲೆಮಾರಿಗಳನ್ನು ಕೊನೆಯ ಶೇ 5ರಲ್ಲಿ, ಲಂಬಾಣಿ, ಭೋವಿ, ಕೊರಚ, ಕೊರಮರ ಜೊತೆಗೆ ಇಟ್ಟಿತು. ಅಲೆಮಾರಿಗಳು ಬೀದಿಗಿಳಿದರು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು, ದೆಹಲಿಗೂ ಹೋದರು. ಅವರ ವಾದ ಸರಳ. ಲಕ್ಷಗಟ್ಟಲೆ ಜನರಿರುವ, ಓದಿದವರಿರುವ ಸಮುದಾಯಗಳ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ನಮ್ಮ ಸರದಿ ಬರುವುದು ಯಾವಾಗ?

ನನಗೆ ಈ ವಾದ ಸರಿ ಎನಿಸುತ್ತದೆ. ಲಂಬಾಣಿ ತಾಂಡಾಗಳ ಕಷ್ಟವೂ ಸಣ್ಣದಲ್ಲ, ನಮ್ಮ ಜಿಲ್ಲೆಯಲ್ಲಿ ಅದನ್ನು ದಿನಾ ನೋಡುತ್ತೇವೆ. ಅವರಿಂದ ಕಿತ್ತು ಇವರಿಗೆ ಕೊಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಗೊಂಬೆ ಆಡಿಸುವ ಮನೆಯ ಮೊದಲ ಹುಡುಗ ಕಾಲೇಜಿಗೆ ಹೋಗುತ್ತಿದ್ದರೆ, ಅವನಿಗೆ ಬೇರೆ ಬಾಗಿಲು ಬೇಕು. ಓದಿದರೆ ಗೊಂಬೆ ಬಿಡುತ್ತಾನೆ ಎಂದು ಕೆಲವರು ಹೆದರುತ್ತಾರೆ. ಬಿಡಲಿ, ಅದು ಅವನ ಇಷ್ಟ. ನಮ್ಮ ಮನರಂಜನೆಗಾಗಿ ಯಾರ ಮಗನೂ ಬಿಡಾರದಲ್ಲೇ ಇರಬೇಕೆಂದು ಕೇಳುವ ಹಕ್ಕು ನಮಗಿಲ್ಲ. ಕೈಯಲ್ಲಿ ಪ್ರಮಾಣಪತ್ರ, ತಲೆ ಮೇಲೆ ಸೂರು ಇದ್ದ ಮೇಲೆ ಅವನು ಪೆಟ್ಟಿಗೆ ತೆರೆದರೆ ಆ ಆಟಕ್ಕೆ ಬೇರೆಯೇ ಬಲ ಇರುತ್ತದೆ.

ಹಾಗೆ ತೆರೆದರೆ ಆಡಿಸುವುದೆಲ್ಲಿ? ನನ್ನ ಉತ್ತರ ಜಾತ್ರೆ. ಗುಳೆ ಹೋದವರೂ ಜಾತ್ರೆಗೆ ಬರುತ್ತಾರೆ. ಸಂಕ್ರಾಂತಿಗೆ ಯಾದಗಿರಿಯ ಮೈಲಾಪುರ ಮಲ್ಲಯ್ಯನಿಗೆ, ಹೋಳಿ ಆದ ಮೇಲೆ ಕಲಬುರಗಿಯ ಶರಣಬಸವೇಶ್ವರರಿಗೆ, ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರನಿಗೆ, ಬೀದರ್ ಜಿಲ್ಲೆಯ ಹುಮನಾಬಾದ್ ವೀರಭದ್ರನಿಗೆ ರಜೆ ಹಾಕಿ ಬರುವವರು ಎಷ್ಟು ಜನ! ರಾತ್ರಿ ಅಲ್ಲೇ ಮಲಗುತ್ತಾರೆ, ಬೆಳಗಿನವರೆಗೆ ಏನಾದರೂ ನೋಡಲು ಹುಡುಕುತ್ತಾರೆ. ಬಿಡುವಾಗಿರುವ ಊರು ಈಗ ಉಳಿದಿರುವುದು ಅಲ್ಲಿ ಮಾತ್ರ.

ಜಾತ್ರೆಯಲ್ಲಿ ಜಾಗಕ್ಕೆ ದುಡ್ಡು. ತೊಟ್ಟಿಲಿನವರು, ಬಳೆಯವರು, ಮಿಠಾಯಿಯವರು ಕಟ್ಟುತ್ತಾರೆ. ಗೊಂಬೆಯವರಿಂದ ಅದು ಸಾಧ್ಯವಿಲ್ಲ. ಹತ್ತಡಿ ಅಗಲದ ಒಂದು ಜಾಗವನ್ನು ಬಾಡಿಗೆಯಿಲ್ಲದೆ ಅವರಿಗೆಂದೇ ಬಿಡಬೇಕು, ಪ್ರತಿ ವರ್ಷ ಅದೇ ಜಾಗ. ಜನರಿಗೆ ಗೊತ್ತಾಗಬೇಕು, ಇಲ್ಲಿಗೆ ಬಂದರೆ ಗೊಂಬಿ ಆಟ ಇರ್ತದ ಅಂತ. ಒಂದು ರಾತ್ರಿಗೆ ಇಷ್ಟು ಎಂದು ಸಂಸ್ಕೃತಿ ಇಲಾಖೆ ನೇರವಾಗಿ ತಂಡಕ್ಕೆ ಕೊಡಲಿ. ಮೈಕಿನಲ್ಲಿ ಭಾಷಣ ಬೇಡ, ಸನ್ಮಾನ ಬೇಡ. ಬೇಕಾದದ್ದು ನಾಲ್ಕು ಗಳ, ಒಂದು ಬಿಳಿ ಪಂಚೆ, ಒಂದು ದೀಪ. ಆಮೇಲೆ ಕತ್ತಲು. ಜಾತ್ರೆಯ ಆ ಮೂಲೆಯಲ್ಲಿ ಕಂಬದ ಲೈಟು ಒಂದೇ ಒಂದು ಇರುತ್ತದೆ. ರಾತ್ರಿ ಹತ್ತರಿಂದ ಬೆಳಗಿನ ತನಕ ಅದನ್ನು ಆರಿಸಿಡಲು ಲೈನ್‌ಮನ್‌ಗೆ ಒಂದು ಮಾತು ಹೇಳಿದರೆ ಸಾಕು.